ಫೆಬ್ರವರಿಯ ಊರು, ಉಗಾದಿಯ ಊರು: ಒಣಬೇಸಾಯದ ಹಳ್ಳಿಯೊಂದರ ತಲೆಲೆಕ್ಕ

ಜನಗಣತಿ ಪುಸ್ತಕದಲ್ಲಿ 742. ಆಶಾ ಕಾರ್ಯಕರ್ತೆಯ ಕುಟುಂಬ ಸಮೀಕ್ಷೆಯಲ್ಲಿ 1,036. ಮತದಾರರ ಪಟ್ಟಿಯಲ್ಲಿ 655 ಹೆಸರು. ರೇಷನ್ ಕಾರ್ಡು 236. ಊರು ಒಂದೇ, ವರ್ಷವೂ ಒಂದೇ: 2011. ಪಂಚಾಯ್ತಿಯವರು ಊರಿನ ಇತಿಹಾಸ ಮತ್ತು ಜನಸಂಖ್ಯೆಯ ಪತ್ರವೊಂದನ್ನು ಬರೆದಿಡಲು ಕೂತಾಗ ಮೊದಲ ಸಾಲಿನಲ್ಲೇ ಸಿಕ್ಕಿಕೊಳ್ಳುವುದು ಇಲ್ಲಿ. ಯಾವುದನ್ನು ಬರೆಯುವುದು?

ಇದು ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ದೇವದುರ್ಗ ಸೀಮೆಯ ಊರುಗಳ ಲಕ್ಷಣ ಕೂಡಿಸಿ ಕಟ್ಟಿದ ಮಾದರಿ ಊರು. ಊರಿನ ಒಳ ಅಂಕಿಗಳು ಲೆಕ್ಕ ತೋರಿಸಲು ಇಟ್ಟವು. ಜಿಲ್ಲೆ, ರಾಜ್ಯ, ಗಣತಿಯ ತಾರೀಖು ಮತ್ತು ನಿಯಮಗಳು ಮಾತ್ರ ಇದ್ದದ್ದು ಇದ್ದಂತೆ. ಊರಿಗೆ ಕಾಲುವೆ ನೀರಿಲ್ಲ. ಅರ್ಧ ಎರಿ (ಕಪ್ಪು ನೆಲ), ಅರ್ಧ ಮಸಾರಿ (ಕೆಂಪು ನೆಲ). ಅಗಸಿ, ಅಗಸಿಯ ಬಗಲಿಗೆ ಹನುಮಪ್ಪನ ಗುಡಿ, ದ್ಯಾಮವ್ವನ ಕಟ್ಟೆ, ಮೊಹರಂನ ಅಲಾಯಿ ಕುಣಿ, ಒಂದೂವರೆ ಕಿಲೋಮೀಟರಿನಾಚೆ ಒಂದು ತಾಂಡಾ.

ಮೊದಲು ಊರಿನ ಹಿಂದಿನದನ್ನು ನೋಡಬೇಕು, ಯಾಕೆಂದರೆ 'ಊರು' ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಕೃಷ್ಣಾ ತುಂಗಭದ್ರೆಯರ ನಡುವಿನ ಈ ದೋಆಬ್‌ನಲ್ಲಿ ಜನವಸತಿ ಬಹಳ ಹಳೆಯದು. ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂತು. ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳದಲ್ಲಿ ನವಶಿಲಾಯುಗದ ನೆಲೆಯೇ ಇದೆ. ಹಾಗೆಂದು ಪಕ್ಕದೂರಿನ ಶಾಸನವನ್ನು ತಂದು ನಮ್ಮೂರಿನ ವಯಸ್ಸಿಗೆ ಅಂಟಿಸುವುದು ಊರ ಇತಿಹಾಸ ಬರೆಯುವವರ ಮೊದಲ ಚಟ. ಸೀಮೆಗೆ ಎರಡು ಸಾವಿರ ವರ್ಷವಾದ ಮಾತ್ರಕ್ಕೆ ಊರಿಗೂ ಅಷ್ಟೇ ಆಗುವುದಿಲ್ಲ. ಊರಿನ ಮಟ್ಟಿಗೆ ನಂಬಬಹುದಾದವು ಅಲ್ಲೇ ನೆಟ್ಟ ಕಲ್ಲುಗಳು: ಊರು ಕಟ್ಟುವಾಗ ನಿಲ್ಲಿಸಿದ ಕರುಗಲ್ಲು, ವೀರಗಲ್ಲು, ಹೊಲದ ಮೇರೆಯ ಲಿಂಗಮುದ್ರೆ ಕಲ್ಲು. ಅಕ್ಷರವಿಲ್ಲದ ಕಲ್ಲಿಗೆ ಶತಮಾನ ಬರೆಯಬಾರದು. ಎಲ್ಲಿದೆ, ಎಷ್ಟು ಎತ್ತರ, ಯಾವ ದಿಕ್ಕಿಗೆ ಮುಖ ಎಂಬುದಷ್ಟನ್ನೇ ಬರೆದು ಫೋಟೊ ಇಟ್ಟರೆ ಸಾಕು.

ಈ ಊರಿಗೆ ಹಳ್ಳದಾಚೆ ಒಂದು ಹಾಳೂರಿದೆ. ಹುಡೇವಿನ (ಬುರುಜಿನ) ಬುಡ, ಒಂದು ಮುಚ್ಚಿದ ಬಾವಿ, ಅಮಾಸಿಗೆ ಹಣ್ಣುಕಾಯಿ ಮಾಡಿಸುವ ಒಂದು ಕಟ್ಟೆ ಉಳಿದಿವೆ. ಕಂದಾಯ ದಾಖಲೆಯಲ್ಲಿ ಅದು ಇಂದಿಗೂ ಬೇರೆ ಗ್ರಾಮ, ಬೇರೆ ಸರ್ವೆ ನಂಬರುಗಳು, ಮುಂದೆ 'ಬೇಚಿರಾಕ್' ಎಂಬ ಷರಾ. ದೀಪವಿಲ್ಲದ್ದು ಎಂದು ಅದರ ಅರ್ಥ. ಗಣತಿ ಪುಸ್ತಕದಲ್ಲಿ ಅದಕ್ಕೆ ಕೋಡು ಇರುತ್ತದೆ, ಕ್ಷೇತ್ರ ಇರುತ್ತದೆ, ಜನಸಂಖ್ಯೆಯ ಕಾಲಂ ಖಾಲಿ. ಊರಿನ ಐದಾರು ಮನೆತನಗಳು ಅಲ್ಲಿಂದ ಎದ್ದು ಬಂದವು. ಯಾವಾಗ ಎಂದರೆ ಹಿರಿಯರು 'ಧಾತು ಈಶ್ವರದ ಬರದಾಗ' ಎನ್ನುತ್ತಾರೆ. ಧಾತು ಸಂವತ್ಸರ 1876–77, ಈಶ್ವರ 1877–78. ಮಹಾಕ್ಷಾಮದ ವರ್ಷಗಳಿಗೆ ಸರಿಯಾಗಿ ಕೂಡುತ್ತದೆ. ಆದರೆ ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗುತ್ತದೆ, 1936–37 ಕೂಡ ಧಾತುವೇ. ಹೇಳುವವರ ಅಜ್ಜನೋ ಮುತ್ತಜ್ಜನೋ ಎಂದು ತಲೆಮಾರು ಎಣಿಸದೆ ಇಸವಿ ಬರೆಯಬಾರದು.

ಕಾಗದಕ್ಕೆ ಬಂದರೆ ಹಾದಿ ಸ್ವಲ್ಪ ಸಲೀಸು. ಈ ಸೀಮೆಯನ್ನು 1853ರಲ್ಲಿ ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದರು, 1860ರಲ್ಲಿ ಮರಳಿ ಪಡೆದರು. ಲಿಂಗಸುಗೂರು ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವೇ ಆಗಿತ್ತು. 1905ರಲ್ಲಿ ಆ ಜಿಲ್ಲೆ ಮುಗಿದು ರಾಯಚೂರಿಗೆ ಸೇರಿತು. ಹೀಗಾಗಿ 1881, 1891, 1901ರ ಗಣತಿಯಲ್ಲಿ ಲಿಂಗಸುಗೂರು ಕಡೆಯ ಊರಿನ ಲೆಕ್ಕ ಇರುವುದು ಲಿಂಗಸುಗೂರು ಜಿಲ್ಲೆಯ ಮೊತ್ತದೊಳಗೆ. ರಾಯಚೂರಿನ ಹಾಳೆ ತಿರುವಿ 'ಸಿಗಲಿಲ್ಲ' ಎಂದು ಕೈ ಬಿಡುವವರಿಗೆ ಇದು ಗೊತ್ತಿರುವುದಿಲ್ಲ. ಊರುವಾರು ಅಂಕಿ ಬೇಕಾದರೆ 1951ರಿಂದೀಚಿನ ಜಿಲ್ಲಾ ಜನಗಣತಿ ಕೈಪಿಡಿ ಹಿಡಿಯಬೇಕು. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯ, ಆಮೇಲೆ ಮೈಸೂರು. ಕೊಪ್ಪಳ 1997ರಲ್ಲಿ ಬೇರೆಯಾಯಿತಾದ್ದರಿಂದ 1991ರವರೆಗಿನ ರಾಯಚೂರು ಜಿಲ್ಲೆಯ ಮೊತ್ತದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳೂ ಇವೆ.

ಹೊಲಮನೆಯ ಹಳೆ ಕಾಗದ ಸೇತ್ವಾರ್ (ಹಳೆ ಸರ್ವೆ ವಹಿ), ಪಹಣಿ ಎಲ್ಲ ಉರ್ದುವಿನಲ್ಲಿ, ಇಸವಿ ಫಸಲಿಯಲ್ಲಿ, ಅಂದರೆ ಕಂದಾಯದ ವರ್ಷದಲ್ಲಿ. ಫಸಲಿಗೆ 590 ಕೂಡಿಸಿದರೆ ಆ ಫಸಲಿ ಶುರುವಾದ ಕ್ರಿ.ಶ. ಇಸವಿ ಸಿಗುತ್ತದೆ: 1361 ಫಸಲಿ ಎಂದರೆ 1951–52. ಊರ ಹೆಸರು ಉರ್ದುವಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ದಾಟುವಾಗ ಎರಡು ಸಲ ಮುರಿದಿರುತ್ತದೆ. ಹೆಸರಿನ ಹಿಂದೆ ಬಿ.ಕೆ. ಅಂತಿದ್ದರೆ ಬುದ್ರುಕ್, ಅಂದರೆ ಹಿರಿದು, ಕೆ.ಎಚ್. ಅಂತಿದ್ದರೆ ಖುರ್ದ್, ಕಿರಿದು. ಒಂದೇ ಹೆಸರಿನ ಎರಡು ಊರು ಒಂದೇ ತಾಲೂಕಿನಲ್ಲಿದ್ದರೆ ಇದನ್ನು ನೋಡದೆ ಬೇರೆ ಊರಿನ ಅಂಕಿ ಎತ್ತಿಕೊಂಡು ಬರುವುದು ಬಹಳ ಸಲ ಆಗುತ್ತದೆ. ಹೆಸರಿಗಿಂತ ಗಡಿ ಗಟ್ಟಿ: ನಾಲ್ಕು ದಿಕ್ಕಿನ ಊರುಗಳನ್ನೂ ಕ್ಷೇತ್ರವನ್ನೂ ತಾಳೆ ಮಾಡಿದ ಮೇಲೇ ಅಂಕಿ ಬರೆದುಕೊಳ್ಳಬೇಕು.

ಇನ್ನು ಗಣತಿಯ 742 ಮತ್ತು ಆಶಾ ಪುಸ್ತಕದ 1,036. ಅಂತರ 294 ತಲೆ. ಮನೆಗಳಲ್ಲಿ ಗಣತಿಯ 148ಕ್ಕೂ ಆಶಾ ಪುಸ್ತಕದ 201ಕ್ಕೂ ಅಂತರ 53.

ಗಣತಿಯವರು ತುಂಬಿದ ಹಾಳೆಯನ್ನು ಯಾರಿಗೂ ತೋರಿಸುವಂತಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಅದನ್ನು ಗುಟ್ಟಾಗಿಡುತ್ತದೆ. ಯಾರನ್ನು ಎಣಿಸಿದರು, ಯಾರನ್ನು ಬಿಟ್ಟರು ಎಂದು ಆ ಕಡೆಯಿಂದ ತಿಳಿಯುವ ಹಾದಿ ಮುಚ್ಚಿದೆ. ಲೆಕ್ಕ ಈ ಕಡೆಯಿಂದ, ಅಂದರೆ ದೊಡ್ಡ ಅಂಕಿಯಿಂದ ಕಳೆಯುತ್ತ ಬರಬೇಕು.

ಮೊದಲು ತಾಂಡಾ. 31 ಮನೆ, 152 ಜನ. ರೇಷನ್, ಶಾಲೆ, ಜಾತ್ರಿ ಎಲ್ಲ ಈ ಊರಿನದೇ, ಆಶಾ ಪುಸ್ತಕದಲ್ಲೂ ಈ ಊರಿಗೇ ಸೇರಿದೆ. ಆದರೆ ಗುಡಿಸಲು ನಿಂತ ಸರ್ವೆ ನಂಬರು ಪಕ್ಕದ ಗ್ರಾಮದ್ದು. ಗಣತಿಗೆ ಊರು ಎಂದರೆ ಕಂದಾಯ ಗ್ರಾಮ, ನಕಾಶೆಯ ಗೆರೆ. ಹೀಗಾಗಿ 152 ಜನ ಪಕ್ಕದೂರಿನ ಲೆಕ್ಕಕ್ಕೆ ಹೋದರು, ಆ ಊರು ಸುಮ್ಮನೆ ದಪ್ಪವಾಯಿತು. ದೇವದುರ್ಗ, ಲಿಂಗಸುಗೂರು ಕಡೆಯ ದೊಡ್ಡಿಗಳಿಗೂ ಇದೇ ತಕರಾರು: ದನ ಕಟ್ಟಲು ಹೊಲದಲ್ಲಿ ಹಾಕಿದ ದೊಡ್ಡಿ ಎರಡು ತಲೆಮಾರಿನಲ್ಲಿ ಓಣಿಯಾಗುತ್ತದೆ, ಹೆಸರು ಮಾತ್ರ ಯಾವ ಪುಸ್ತಕದಲ್ಲೂ ಇರುವುದಿಲ್ಲ. 2023ರ ಜನವರಿಯಲ್ಲಿ ರಾಯಚೂರು, ಕಲಬುರಗಿ, ಯಾದಗಿರಿ, ಬೀದರ್, ವಿಜಯಪುರ ಜಿಲ್ಲೆಗಳ ಇಂಥ ತಾಂಡಾ ಹಟ್ಟಿಗಳ ಜನರಿಗೆ ಹಕ್ಕುಪತ್ರ ಹಂಚುವಾಗ ಸುಮಾರು 1,475 ದಾಖಲೆಯಿಲ್ಲದ ಜನವಸತಿಗಳು ಹೊಸ ಕಂದಾಯ ಗ್ರಾಮಗಳಾಗಿದ್ದವು. ಆಗಬೇಕಾದ ಕೆಲಸವೇ. ಮುಂದಿನ ಗಣತಿ ಬಂದಾಗ ತಾಯಿ ಊರಿನ ಜನಸಂಖ್ಯೆ ಕುಸಿದಂತೆ ಕಾಣುತ್ತದೆ, ಅದನ್ನು ವಲಸೆ ಎಂದು ಓದದಿದ್ದರೆ ಆಯಿತು.

ಎರಡನೆಯದು ಆಶಾ ಪುಸ್ತಕದ ಸ್ವಂತ ತಪ್ಪು, 26 ತಲೆ. ಮದುವೆಯಾಗಿ ಗಂಡನ ಊರಿಗೆ ಹೋದ 11 ಹೆಣ್ಣುಮಕ್ಕಳ ಹೆಸರು ಹೊಡೆದಿಲ್ಲ. ಬಾಣಂತನಕ್ಕೆ ತವರಿಗೆ ಬಂದ 6 ಜನರನ್ನು ಸೇರಿಸಿಕೊಂಡಾಗಿದೆ, ಅವರು ಅತ್ತೆಯ ಊರಿನ ಪುಸ್ತಕದಲ್ಲೂ ಇದ್ದಾರೆ. ತೀರಿಹೋದ 9 ಜನ ಹಾಳೆಯ ಮೇಲೆ ಬದುಕಿದ್ದಾರೆ. ಇದಕ್ಕೆ ಕಾರ್ಯಕರ್ತೆಯನ್ನು ದೂರುವಂತಿಲ್ಲ. ಬಂದವರನ್ನು ಬರೆಯಲು ಚುಚ್ಚುಮದ್ದಿನ ನೆಪ ಇರುತ್ತದೆ, ಹೋದವರನ್ನು ಹೊಡೆಯಲು ನೆಪವೇ ಇಲ್ಲ. ಮನೆ ಲೆಕ್ಕದಲ್ಲೂ ಆರರ ವ್ಯತ್ಯಾಸ: ಗಣತಿಗೆ ಒಂದು ಒಲೆ ಎಂದರೆ ಒಂದು ಕುಟುಂಬ. ಒಂದೇ ಒಲೆಯಲ್ಲಿ ಉಣ್ಣುವ ಅಣ್ಣತಮ್ಮಂದಿರನ್ನು ಆಶಾ ಪುಸ್ತಕ ಆರು ಕಡೆ ಎರಡೆರಡಾಗಿ ಬರೆದಿದೆ. ರೇಷನ್ ಕಾರ್ಡು ಇನ್ನೂ ಮುಂದೆ ಹೋಗಿ 236 ಆಗಿದ್ದಕ್ಕೂ ಇದೇ ಕಾರಣ, ಒಲೆ ಬೇರೆಯಾಗುವ ಮೊದಲೇ ಕಾರ್ಡು ಬೇರೆಯಾಗುತ್ತದೆ.

ಮೂರನೆಯದೇ ಈ ಪ್ರಕರಣದ ತಿರುಳು: ಗುಳೆ, ಅಂದರೆ ದುಡಿಯಲು ಹಂಗಾಮಿಗೆ ಊರು ಬಿಟ್ಟು ಹೋಗುವುದು. 107 ಜನ.

2011ರ ಗಣತಿ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಮಾರ್ಚ್ 1ರಿಂದ 5ರವರೆಗೆ ಮರುಸುತ್ತು. ಆ ವರ್ಷ ಉಗಾದಿ ಏಪ್ರಿಲ್ 4ಕ್ಕೆ. ಒಣಬೇಸಾಯದ ಊರು ವರ್ಷದಲ್ಲೇ ಅತಿ ಖಾಲಿಯಾಗಿರುವ ಹೊತ್ತಿಗೆ ಎಣಿಸುವವರು ಬಂದು, ಜನ ಮರಳುವ ಮೊದಲೇ ಎಣಿಸಿ ಮುಗಿಸಿ ಹೋದರು.

ಯಾರು ಯಾವಾಗ ಹೋಗುತ್ತಾರೆ ಎಂಬುದನ್ನು ಹೊಲದ ಮಣ್ಣು ಹೇಳುತ್ತದೆ. ಮಸಾರಿಯವರದು ಮುಂಗಾರಿನ ಸಜ್ಜೆ, ಶೇಂಗಾ. ದೀಪಾವಳಿ ಹೊತ್ತಿಗೆ ಕೈ ಖಾಲಿ. ಹೊಲವೇ ಇಲ್ಲದವರೂ ಅವರ ಜೊತೆಗೇ ಹೊರಡುತ್ತಾರೆ. ಮೇಸ್ತ್ರಿ ಮುಂಗಡ ಕೊಟ್ಟಿರುತ್ತಾನೆ, ಬೆಂಗಳೂರಿನ ಕಟ್ಟಡ ಕೆಲಸ. ಎರಿಯವರದು ಹಿಂಗಾರಿ ಬಿಳಿಜೋಳ, ಕಡಲೆ; ಎಳ್ಳಮಾಸಿಗೆ ಚರಗ ಚೆಲ್ಲಿ, ಜೋಳ ಕಿತ್ತು, ರಾಶಿ ಮಾಡಿ, ಕಣಿಕೆ ಬಣವಿ ಒಟ್ಟಿದ ಮೇಲೇ ಅವರು ಹೊರಡುವುದು, ಅಂದರೆ ಫೆಬ್ರವರಿ ನಡುವಿಗೆ. ಇವರೂ ಅವರೂ ಮರಳುವುದು ಉಗಾದಿಗೆ. ಕೆಲವರು ಹಬ್ಬ ಮಾಡಿ ಮತ್ತೆ ಹೋಗಿ ರೋಹಿಣಿ ಮಳೆಗೆ ಬರುತ್ತಾರೆ.

ಇದನ್ನು ಗಣತಿಯ ನಿಯಮದ ಪಕ್ಕದಲ್ಲಿಟ್ಟು ನೋಡಬೇಕು. ಮಾಮೂಲಿ ವಾಸದ ಊರಿನಲ್ಲಿ ಎಣಿಕೆಯ ಅವಧಿಯ ಒಂದು ಭಾಗವಾದರೂ ಇದ್ದವರನ್ನು, ಅಥವಾ 28ರೊಳಗೆ ಮರಳುವವರನ್ನು ಆ ಊರಲ್ಲೇ ಎಣಿಸಬೇಕು. ಅವಧಿಯ ಉದ್ದಕ್ಕೂ ಹೊರಗಿದ್ದವರನ್ನು ಇದ್ದ ಕಡೆ ಎಣಿಸಬೇಕು. ಈ 107ರಲ್ಲಿ 66 ಜನ ದೀಪಾವಳಿಯಿಂದ ಸಂಕ್ರಾಂತಿಯೊಳಗೆ ಹೋದವರು; ಅವರನ್ನು ಇಲ್ಲಿ ಬಿಟ್ಟದ್ದು ನಿಯಮದ ಪ್ರಕಾರ ಸರಿ. ಉಳಿದ 41 ಜನ ಫೆಬ್ರವರಿ 9 ದಾಟಿದ ಮೇಲೆ ಹೋದವರು. ಅವರು ಇಲ್ಲೇ ಸಿಗಬೇಕಿತ್ತು, ಸಿಗಲಿಲ್ಲ. ಅದು ಎಣಿಕೆಯ ತಪ್ಪು.

ತಪ್ಪು ಆಗುವ ಬಗೆ ಎರಡು. 16 ಮನೆಗೆ ಬೀಗ ಬಿದ್ದಿತ್ತು, ಅವುಗಳಲ್ಲಿ 71 ಜನ. ಪಕ್ಕದ ಮನೆಯವರು 'ಗುಳೇ ಹೋಗ್ಯಾರ್ರೀ, ಉಗಾದಿಗಿ ಬರ್ತಾರ' ಎಂದರು, ಎಣಿಸುವವರು ಮುಂದೆ ಹೋದರು. ಯಾವತ್ತು ಹೋದರು ಎಂದು ಕೇಳಲಿಲ್ಲ. ಇನ್ನುಳಿದ 36 ಜನ ಬೀಗವಿಲ್ಲದ ಮನೆಯವರು. ಮುದುಕಿ ಮತ್ತು ಒಂದಿಬ್ಬರು ಮಕ್ಕಳು ಮನೆಯಲ್ಲಿದ್ದರು. 'ಮನಿಯಾಗ ಎಷ್ಟು ಮಂದಿ ಅದೀರಿ?' ಎಂದು ಕೇಳಿದರೆ ಆಕೆ ಕಣ್ಣೆದುರು ಇದ್ದವರನ್ನು ಹೇಳುತ್ತಾಳೆ. ಎರಡನೆಯ ತಪ್ಪು ಹಿಡಿಯುವುದು ಕಷ್ಟ, ಯಾಕೆಂದರೆ ಮನೆಯ ಲೆಕ್ಕ ಸರಿಯಾಗಿಯೇ ಇರುತ್ತದೆ, ತಲೆ ಮಾತ್ರ ಕಡಿಮೆ.

ಹೋದವರು ಹೋದ ಕಡೆ ಸಿಕ್ಕರೇ ಎಂದರೆ ಅದೂ ಪೂರಾ ನಂಬುವಂತಿಲ್ಲ. ಕಟ್ಟಡದ ಶೆಡ್ಡಿನಲ್ಲಿದ್ದವರು ಹಗಲು ಸಿಗುವುದಿಲ್ಲ. ಮನೆಯಿಲ್ಲದವರ ಎಣಿಕೆಗೆ ಇಟ್ಟದ್ದು ಫೆಬ್ರವರಿ 28ರ ಒಂದು ರಾತ್ರಿ. ಸಿಕ್ಕವರು ಬೆಂಗಳೂರಿನ ಅಂಕಿಗೆ ಸೇರಿದರು. ರಾಯಚೂರು ಜಿಲ್ಲೆ 2001ರ 16,69,762ರಿಂದ 2011ಕ್ಕೆ 19,28,812 ಆಯಿತು; ಅಷ್ಟು ದೊಡ್ಡ ಮೊತ್ತದಲ್ಲಿ ಈ ತೂತು ಯಾರ ಕಣ್ಣಿಗೂ ಬೀಳುವುದಿಲ್ಲ. 742ರ ಊರಿಗೆ 107 ಎಂದರೆ ಏಳು ಜನಕ್ಕೆ ಒಬ್ಬ ಇಲ್ಲದ ಹಾಗೆ.

ಕೂಡಿಸಿದರೆ 152, 26, 107, ಒಟ್ಟು 285. ಬೇಕಾದದ್ದು 294. ಒಂಬತ್ತು ತಲೆ ಯಾವ ಕಡೆಯಿಂದಲೂ ತಾಳೆಯಾಗಲಿಲ್ಲ. ನಿಜದ ಊರಿನಲ್ಲೂ ಹೀಗೇ ಉಳಿಯುತ್ತದೆ, ಉಳಿಯದಿದ್ದರೆ ಯಾರೋ ಕೂತು ಕೂಡಿಸಿದ್ದಾರೆ ಎಂದು ಅನುಮಾನ ಪಡಬೇಕು.

ಈಗ ಊರಿಗೆ ನಾಲ್ಕು ಅಂಕಿ. ಬರೆದದ್ದು 742. ನಿಯಮದ ಪ್ರಕಾರ ಬರೆಯಬೇಕಿದ್ದದ್ದು 783. ಕಂದಾಯ ಗ್ರಾಮದ ಮಾಮೂಲಿ ನಿವಾಸಿಗಳು 849. ತಾಂಡಾ ಸೇರಿ, ಉಗಾದಿಯ ದಿನ ಬೇವುಬೆಲ್ಲ ತಿನ್ನುವವರು 1,001. ಇವುಗಳ ನಡುವಿನ ಅಂತರ ಬರೀ ಪುಸ್ತಕದ ಮಾತಾಗಿ ನಿಲ್ಲುವುದಿಲ್ಲ. ಅಂಗನವಾಡಿಗೆ ಇಟ್ಟುಕೊಂಡ ಅಳತೆ 400ರಿಂದ 800 ಜನಕ್ಕೆ ಒಂದು, 800 ದಾಟಿದರೆ ಎರಡು. 150ರಿಂದ 400ಕ್ಕೆ ಮಿನಿ ಅಂಗನವಾಡಿ. 742ಕ್ಕೆ ಒಂದೇ ಕೇಂದ್ರ. 849ಕ್ಕೆ ಎರಡು. ಎಣಿಸುವವರ ತಪ್ಪನ್ನೆಲ್ಲ ತಿದ್ದಿ 783 ಮಾಡಿಸಿದ್ದರೂ ಎರಡನೆಯದು ಬರುತ್ತಿರಲಿಲ್ಲ. ಹಾಗಾಗಿ ಅರ್ಜಿ ಬರೆಯುವವರು 'ಗಣತಿ ತಪ್ಪಾಗಿದೆ' ಎಂದು ವಾದಿಸಿದರೆ ಸೋಲುತ್ತಾರೆ, ಮಾಮೂಲಿ ನಿವಾಸಿಗಳ ಮನೆವಾರು ಪಟ್ಟಿ ಇಟ್ಟು ವಾದಿಸಬೇಕು. ತಾಂಡಾದ 152 ಮಿನಿ ಕೇಂದ್ರದ ಗೆರೆಯನ್ನು ದಾಟುವುದು ಎರಡೇ ತಲೆಯಿಂದ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಒಂದು ಮನೆ ಹೆಚ್ಚಿಗೆ ಹೋದ ವರ್ಷ ಎಣಿಸಿದರೆ ಅದೂ ತಪ್ಪುತ್ತದೆ. ಗ್ರಾಮ ಪಂಚಾಯ್ತಿ ಸದಸ್ಯರ ಸಂಖ್ಯೆಗೂ 400 ಜನಕ್ಕೆ ಒಬ್ಬ ಎಂಬ ಅಳತೆ ಇದೇ ಫೆಬ್ರವರಿಯ ಅಂಕಿಯ ಮೇಲೆ ನಿಂತಿದೆ.

ಮತದಾರರ ಪಟ್ಟಿಯ 655ನ್ನು ಒಂದೂವರೆಯಿಂದ ಗುಣಿಸಿ ಜನಸಂಖ್ಯೆ ಹೇಳುವ ರೂಢಿಯಿದೆ. 982 ಬರುತ್ತದೆ, ಉಗಾದಿಯ ಅಂಕಿಗೆ ಹತ್ತಿರ. ಗುಳೆ ಹೋದವರ ಹೆಸರು ಈ ಪಟ್ಟಿಯಿಂದ ಬೀಳುವುದಿಲ್ಲವಾದ್ದರಿಂದ ಹತ್ತಿರವಾಗುತ್ತದೆ. ಸತ್ತವರ ಹೆಸರೂ ಬೀಳುವುದಿಲ್ಲವಾದ್ದರಿಂದ ನೆಚ್ಚುವಂತಿಲ್ಲ. ನಮ್ಮ ಅಂದಾಜಿಗೆ ಎಲ್ಲಕ್ಕಿಂತ ಗಟ್ಟಿ ಪಟ್ಟಿ ಜಾತ್ರಿಯದು. ಮನೆಗೆ ಇಷ್ಟು ಎಂದು ಪಟ್ಟಿ, ಅಂದರೆ ವಂತಿಗೆ, ಹಾಕುವಾಗ ಒಲೆ ಎಣಿಸಿಯೇ ಹಾಕುತ್ತಾರೆ, ಗುಳೆ ಹೋದವರನ್ನು ಬಿಡುವುದಿಲ್ಲ, ಇಲ್ಲದ ಮನೆಯನ್ನು ಸೇರಿಸಿದರೆ ದುಡ್ಡು ಕೂಡುವುದಿಲ್ಲ. ಹಳೆಯ ಪಟ್ಟಿ ವಹಿಗಳು ದೈವದ (ಊರ ಹಿರಿಯರ) ಪೆಟ್ಟಿಗೆಯಲ್ಲಿ ಉಳಿದಿದ್ದರೆ ಮನೆಗಳ ಏರಿಳಿತ ವರ್ಷದಿಂದ ವರ್ಷಕ್ಕೆ ಸಿಗುತ್ತದೆ. ತಲೆ ಲೆಕ್ಕ ಮಾತ್ರ ಸಿಗುವುದಿಲ್ಲ. ಮನೆಗೆ ಐದರಂತೆ ಗುಣಿಸುವ ಆಸೆಯನ್ನು ಹಿಡಿದಿಟ್ಟುಕೊಳ್ಳಬೇಕು.

ಹಿಂದಿನ ಗಣತಿಗಳನ್ನು ಸಾಲಾಗಿ ಇಡುವಾಗಲೂ ತಾರೀಖು ಪಕ್ಕದಲ್ಲಿರಲಿ. 1931ರವರೆಗೆ ಒಂದೇ ರಾತ್ರಿಯ ಎಣಿಕೆ: 1881ರದು ಫೆಬ್ರವರಿ 17, 1911ರದು ಮಾರ್ಚ್ 10, 1921ರದು ಮಾರ್ಚ್ 18. ಸ್ವಾತಂತ್ರ್ಯದ ನಂತರದವಕ್ಕೆಲ್ಲ ಮಾರ್ಚ್ 1, ಒಂದನ್ನು ಬಿಟ್ಟು. 1971ರಲ್ಲಿ ಲೋಕಸಭೆ ಚುನಾವಣೆ ಅಡ್ಡ ಬಂದು ಏಪ್ರಿಲ್ 1ಕ್ಕೆ ಹೋಯಿತು. ಆ ವರ್ಷದ ಉಗಾದಿ ಮಾರ್ಚ್ 27ಕ್ಕೆ, ಅಂದರೆ ಎಣಿಕೆ ನಡೆಯುತ್ತಿದ್ದಾಗಲೇ. 1971ಕ್ಕೆ ಏರಿ 1981ಕ್ಕೆ ನಿಂತುಹೋದಂತೆ ಕಾಣುವ ಊರಿದ್ದರೆ ಎಪ್ಪತ್ತರ ದಶಕದ ಬರಕ್ಕೆ ಹೊಣೆ ಹೊರಿಸುವ ಮೊದಲು, ಒಂದು ಸಲ ಹಬ್ಬದಲ್ಲಿ ಎಣಿಸಿದ್ದಾರೆ, ಇನ್ನೊಂದು ಸಲ ಗುಳೆಯಲ್ಲಿ ಎಣಿಸಿದ್ದಾರೆ ಎಂಬುದನ್ನು ತೂಗಬೇಕು.

ಪರಿಶಿಷ್ಟ ಪಂಗಡದ ಕಾಲಂನಲ್ಲಿ ಇನ್ನೊಂದು ಗುಂಡಿಯಿದೆ. ರಾಜ್ಯದಲ್ಲಿ 1971ಕ್ಕೆ ಸುಮಾರು 2.3 ಲಕ್ಷವಿದ್ದ ಅಂಕಿ 1981ಕ್ಕೆ ಸುಮಾರು 18 ಲಕ್ಷವಾಯಿತು. ಅಷ್ಟು ಜನ ಹುಟ್ಟಿದ್ದಲ್ಲ; ಪಟ್ಟಿಯ ಪ್ರಾದೇಶಿಕ ನಿರ್ಬಂಧವನ್ನು 1976ರ ತಿದ್ದುಪಡಿ ತೆಗೆದುಹಾಕಿತ್ತು. ಪರಿಶಿಷ್ಟ ಪಂಗಡದ ನಾಯಕ ಜನಾಂಗದ ಓಣಿ ದೊಡ್ಡದಿರುವ ಈ ಸೀಮೆಯ ಊರುಗಳಲ್ಲಿ ಆ ಜಿಗಿತವನ್ನು 'ಹೊರಗಿನವರು ಬಂದು ನೆಲೆಸಿದರು' ಎಂದು ಬರೆದರೆ ಇತಿಹಾಸ ಹೋಗಿ ಜಗಳವಾಗುತ್ತದೆ.

ಮುಂದಿನ ಗಣತಿಗೂ ನಿಗದಿಯಾದ ದಿನ 2027ರ ಮಾರ್ಚ್ 1, ಎಣಿಕೆ ಫೆಬ್ರವರಿಯಲ್ಲಿ. ಉಗಾದಿ ಏಪ್ರಿಲ್ ಮೊದಲ ವಾರ. ದಿನ ಬದಲಿಸುವುದು ಊರಿನ ಕೈಯಲ್ಲಿಲ್ಲ. ಕೈಯಲ್ಲಿರುವುದು ಬೀಗದ ಮನೆಗಳ ಪಟ್ಟಿ. ದೀಪಾವಳಿಯಿಂದ ಶುರುಮಾಡಿ, ಪ್ರತಿ ಅಮಾಸಿಗೆ ಒಂದು ಸಲ ಓಣಿ ಸುತ್ತಿ, ಮನೆ, ಹೋದವರ ಹೆಸರು ಮತ್ತು ವಯಸ್ಸು, ಹೋದ ತಾರೀಖು, ಹೋದ ಊರು, ಮೊಬೈಲ್ ನಂಬರು ಬರೆದಿಡಬೇಕು. ಎಣಿಕೆ ಶುರುವಾದ ದಿನ ಇನ್ನೊಂದು ಸಲ ಸುತ್ತಬೇಕು, ಎಲ್ಲಕ್ಕಿಂತ ಮುಖ್ಯವಾದ ಸುತ್ತು ಅದು. ಆ ದಿನ ಊರಲ್ಲಿದ್ದು ಆಮೇಲೆ ಹೋದವರ ಹೆಸರು ಎಣಿಸುವವರ ಕೈಗೆ ಹೋಗಬೇಕು. ಮೊದಲೇ ಹೋದವರಿಗೆ ಫೋನು ಮಾಡಿ ಅಲ್ಲೇ ಎಣಿಸಿಕೊಳ್ಳಿ ಎಂದು ಹೇಳಬೇಕು. ಅಂಕಿ ಹೆಚ್ಚಲೆಂದು ಇಲ್ಲೂ ಬರೆಸಿದರೆ ಒಂದು ತಲೆ ಎರಡಾಗುತ್ತದೆ, ಮರುಸುತ್ತಿನಲ್ಲಿ ಸಿಕ್ಕಿಬಿದ್ದರೆ ಇಡೀ ಪಟ್ಟಿಯ ಬೆಲೆ ಹೋಗುತ್ತದೆ. ಬಿಡುವಾದಾಗ ಈ ಪಟ್ಟಿಯನ್ನು ತಾಳೆ ನೋಡಲು ಶಾಲೆಯ ಹಾಜರಿ, ಉದ್ಯೋಗ ಖಾತರಿ ಕೆಲಸದ ಮಸ್ಟರ್ ರೋಲು, ಸೊನ್ನೆ ಯೂನಿಟ್ಟಿನ ಕರೆಂಟ್ ಬಿಲ್ಲು ಮೂರೂ ಸಾಕು.

ಊರಿನ ಪತ್ರದಲ್ಲಿ ಕೊನೆಗೆ ಬರೆದ ಸಾಲು ಹೀಗಿದೆ: 'ಜನಸಂಖ್ಯೆ, 2011: ಜನಗಣತಿಯಂತೆ (ಫೆಬ್ರವರಿ) 742, ಮಾಮೂಲಿ ನಿವಾಸಿಗಳು 849, ಪಕ್ಕದ ಕಂದಾಯ ಗ್ರಾಮದಲ್ಲಿ ಎಣಿಕೆಯಾದ ತಾಂಡಾ 152, ತಾಳೆಯಾಗದವರು 9.'